ಒಂದೇ ಹಾಡು, ಐದು ಪ್ರತಿ: ಲಿರಿಕಲ್ ವಿಡಿಯೊ, ವಿಡಿಯೊ ಸಾಂಗ್, ಜೂಕ್‌ಬಾಕ್ಸ್, ಆ್ಯಪ್, ಸಿಡಿ

ಕನ್ನಡ ಸಿನಿಮಾ ಹಾಡೊಂದರ ಹೆಸರನ್ನು ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಲಿರಿಕಲ್ ವಿಡಿಯೊ, ಫುಲ್ ವಿಡಿಯೊ ಸಾಂಗ್, 4ಕೆ, ಜೂಕ್‌ಬಾಕ್ಸ್, ಆಡಿಯೊ ಮಾತ್ರ ಎಂದು ಅದೇ ಹಾಡು ನಾಲ್ಕೈದು ವೇಷದಲ್ಲಿ ಎದುರಿಗೆ ಬರುತ್ತದೆ. ಹೆಚ್ಚಿನವರು ಮೊದಲು ಕಂಡದ್ದನ್ನು ಒತ್ತಿ ಮುಂದೆ ಹೋಗುತ್ತಾರೆ. ಆದರೆ ಇವನ್ನು ಒಂದರ ಪಕ್ಕ ಒಂದಿಟ್ಟು ಕೇಳಿದರೆ ಉದ್ದ ಬೇರೆ, ಗಟ್ಟಿತನ ಬೇರೆ, ಕೆಲವೊಮ್ಮೆ ಶ್ರುತಿಯೇ ಬೇರೆ. 128 ಕೆಬಿಪಿಎಸ್ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಕಿಲೊಬಿಟ್ ಧ್ವನಿಮಾಹಿತಿ ಎಂಬ ಅಳತೆ) ಸಾಕೋ 320 ಬೇಕೋ ಎಂಬ ಚರ್ಚೆಗೆ ಮೊದಲು ಆಗಬೇಕಾದ ಕೆಲಸ ಸರಿಯಾದ ಪ್ರತಿಯನ್ನು ಆರಿಸುವುದು. ಪ್ರತಿಯೇ ಕೆಟ್ಟಿದ್ದರೆ ಯಾವ ಬಿಟ್‌ರೇಟೂ ಅದನ್ನು ರಿಪೇರಿ ಮಾಡಲಾರದು.

ಹೋಲಿಸುವಾಗ ಬ್ಲೂಟೂತ್ ಬೇಡ, ವೈರ್ ಇರುವ ಹೆಡ್‌ಫೋನ್ ಇರಲಿ. ಈಕ್ವಲೈಜರ್, ಬಾಸ್ ಬೂಸ್ಟ್, ಫೋನಿನೊಳಗಿನ ಡಾಲ್ಬಿ ಬಟನ್ ಎಲ್ಲವನ್ನೂ ಆಫ್ ಮಾಡಿ. ಎರಡು ಪ್ರತಿಗಳ ವಾಲ್ಯೂಮ್ ಒಂದೇ ಮಟ್ಟಕ್ಕೆ ತಂದುಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಒಂದೆರಡು ಡೆಸಿಬೆಲ್ ಜೋರಾಗಿರುವುದೇ ಕಿವಿಗೆ 'ಚೆನ್ನಾಗಿದೆ' ಅನ್ನಿಸಿಬಿಡುತ್ತದೆ. ಬೇರೆ ಬೇರೆ ಕಾಲದ ಹಾಡುಗಳನ್ನು ಇಟ್ಟುಕೊಂಡರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ನಾನು ಇಟ್ಟುಕೊಂಡವು 'ಸಂಪತ್ತಿಗೆ ಸವಾಲ್' (1974) ಚಿತ್ರದ 'ಯಾರೇ ಕೂಗಾಡಲಿ', 'ಪಲ್ಲವಿ ಅನುಪಲ್ಲವಿ'ಯ (1983) 'ನಗುವ ನಯನ', 'ಆಕಸ್ಮಿಕ'ದ (1993) 'ಹುಟ್ಟಿದರೆ ಕನ್ನಡ ನಾಡಲ್ಲಿ', 'ಮುಂಗಾರು ಮಳೆ'ಯ (2006) 'ಅನಿಸುತಿದೆ', 'ರಾಜಕುಮಾರ'ದ (2017) 'ಬೊಂಬೆ ಹೇಳುತೈತೆ'.

ಲಿರಿಕಲ್ ವಿಡಿಯೊ

ಹೊಸ ಹಾಡುಗಳ ಮಟ್ಟಿಗೆ ಯೂಟ್ಯೂಬಿನಲ್ಲಿ ನನ್ನ ಮೊದಲ ಆಯ್ಕೆ ಇದೇ. ಸಿನಿಮಾ ತೆರೆಗೆ ಬರುವ ಮೊದಲೇ ಆಡಿಯೊ ಕಂಪನಿ ಇದನ್ನು ಬಿಡುವುದರಿಂದ ಇದರಲ್ಲಿರುವುದು ಸಾಮಾನ್ಯವಾಗಿ ಆಲ್ಬಮ್ಮಿನ ಮಾಸ್ಟರ್, ಅಂದರೆ ಆಲ್ಬಮ್ಮಿಗಾಗಿ ಸಿದ್ಧಪಡಿಸಿದ ಅಂತಿಮ ಧ್ವನಿಪ್ರತಿ. ಪಲ್ಲವಿ, ಬಿಜಿಎಂ (ನಡುವಿನ ವಾದ್ಯಸಂಗೀತ), ಎರಡೂ ಚರಣ ಕತ್ತರಿ ಬೀಳದೆ ಸಿಗುತ್ತವೆ. ನಡುವೆ ಡೈಲಾಗ್ ನುಗ್ಗುವುದಿಲ್ಲ. 'ಬೊಂಬೆ ಹೇಳುತೈತೆ'ಯಂಥ, ಸಾಹಿತ್ಯವೇ ಕೈಹಿಡಿದು ನಡೆಸುವ ಹಾಡಿಗೆ ಇದಕ್ಕಿಂತ ಒಳ್ಳೆಯ ರೂಪ ಇಲ್ಲ. ವಿಜಯ್ ಪ್ರಕಾಶ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಅಕ್ಷರವನ್ನು ಎಳೆಯುತ್ತಾರೆ ಎಂಬುದನ್ನು ಸಾಲು ನೋಡುತ್ತಲೇ ಹಿಡಿಯಬಹುದು.

ಕೊರತೆ ಇರುವುದು ಅಕ್ಷರದಲ್ಲಿ. ಸಾಹಿತ್ಯವನ್ನು ಕೇಳಿಯೇ ಟೈಪ್ ಮಾಡಿದಂತಿರುವ ವಿಡಿಯೊಗಳು ಕಡಿಮೆಯಿಲ್ಲ. ಳಕಾರ ಲಕಾರವಾಗುತ್ತದೆ, ಣಕಾರ ನಕಾರವಾಗುತ್ತದೆ, ಮಹಾಪ್ರಾಣ ಬಿದ್ದುಹೋಗುತ್ತದೆ, ಸಂಧಿಯನ್ನು ತಪ್ಪು ಜಾಗದಲ್ಲಿ ಒಡೆದು ಅರ್ಥವೇ ಬದಲಾಗಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಸಾಹಿತ್ಯವಂತೂ ಹಾಡು ಕಲಿಯುವವರಿಗೆ ಅಪಾಯ, ದೀರ್ಘ ಯಾವುದು ಹ್ರಸ್ವ ಯಾವುದು ಗೊತ್ತೇ ಆಗುವುದಿಲ್ಲ. ಅನುಮಾನ ಬಂದರೆ ಗಾಯಕರ ಉಚ್ಚಾರವನ್ನು ನಂಬಿ, ತೆರೆಯ ಮೇಲಿನ ಅಕ್ಷರವನ್ನಲ್ಲ. ಇನ್ನೊಂದು ಕಿರಿಕಿರಿ ಆರಂಭದ ಕೆಲವು ಸೆಕೆಂಡುಗಳ ಕಂಪನಿ ಲೋಗೊ. ಅದರದ್ದೇ ಒಂದು ಸದ್ದು ಇರುವುದರಿಂದ ಪ್ಲೇಲಿಸ್ಟಿನಲ್ಲಿ ಹಾಡಿನಿಂದ ಹಾಡಿಗೆ ಹೋಗುವಾಗ ಪ್ರತಿ ಸಲವೂ ರಸಭಂಗ.

ವಿಡಿಯೊ ಸಾಂಗ್

ಇಲ್ಲಿ ಹಾಡಿಗೂ ಸಿನಿಮಾಕ್ಕೂ ಎಳೆದಾಟ. ದೃಶ್ಯದ ಉದ್ದಕ್ಕೆ ತಕ್ಕಂತೆ ಬಿಜಿಎಂ ಮೊಟಕಾಗಿರುತ್ತದೆ, ಒಮ್ಮೊಮ್ಮೆ ಒಂದು ಚರಣವೇ ಇರುವುದಿಲ್ಲ. ಕೆಲವು ಅಪ್‌ಲೋಡುಗಳಲ್ಲಿ ಆಲ್ಬಮ್ಮಿನ ಧ್ವನಿಯನ್ನೇ ಚಿತ್ರಕ್ಕೆ ಕೂರಿಸಿರುತ್ತಾರೆ, ಅವು ವಾಸಿ. ಸಿನಿಮಾದ ಮಿಕ್ಸ್ ಅನ್ನೇ ಹಾಕಿದವುಗಳಲ್ಲಿ ಗೆಜ್ಜೆ, ಮಳೆ, ವಾಹನದ ಸದ್ದೆಲ್ಲ ಸೇರಿರುತ್ತದೆ. ಥಿಯೇಟರಿಗಾಗಿ, ಸುತ್ತಲಿನ ಹಲವು ಸ್ಪೀಕರುಗಳಿಗೆ ಹಂಚುವಂತೆ 5.1 ಚಾನೆಲ್ಲಿನಲ್ಲಿ ಮಾಡಿದ ಮಿಕ್ಸನ್ನು ಎರಡು ಚಾನೆಲ್ಲಿಗೆ ಇಳಿಸಿದಾಗ ಧ್ವನಿ ಮತ್ತು ವಾದ್ಯದ ತೂಕ ಬದಲಾಗುತ್ತದೆ, ಫೋನಿನಲ್ಲಿ ಹಾಡು ದೂರದಿಂದ ಬಂದಂತೆ ಕೇಳುತ್ತದೆ. ವಿಡಿಯೊದ ಗುಣಮಟ್ಟ ಏರಿಸಿದರೆ ಧ್ವನಿಯೂ ಏರುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. 480ರಿಂದ 1080ಕ್ಕೆ ಹೋದರೂ ಕಿವಿಗೆ ಬರುವ ಆಡಿಯೊ ಅದೇ. ವಿಡಿಯೊದ ಮೆನುವಿನಲ್ಲಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದರೆ ಕೋಡೆಕ್ (ಧ್ವನಿಯನ್ನು ಕುಗ್ಗಿಸುವ ವಿಧಾನ) ಹೆಸರು, ಅದರ ಪಕ್ಕ ಒಂದು ಸಂಖ್ಯೆ ಕಾಣುತ್ತದೆ. 251 ಅಂದರೆ ಓಪಸ್, 140 ಅಂದರೆ 128 ಕೆಬಿಪಿಎಸ್‌ನ ಎಎಸಿ. ನನ್ನ ಕಿವಿಗೆ ಇವೆರಡರಲ್ಲಿ ಓಪಸ್ ಮೇಲು. ತಾಳದ ಚಕ್ಕೆ, ಗೆಜ್ಜೆಯಂಥ ಮೇಲಿನ ಸದ್ದುಗಳು ಅದರಲ್ಲಿ ಹೆಚ್ಚು ಶುದ್ಧ.

ಹಾಗೆಂದು ವಿಡಿಯೊ ಸಾಂಗನ್ನು ತಳ್ಳಿಹಾಕಲು ಆಗುವುದೇ ಇಲ್ಲ, ನೋಡದೆ ಪೂರ್ತಿಯಾಗದ ಹಾಡುಗಳಿವೆ. 'ಯಾರೇ ಕೂಗಾಡಲಿ'ಯಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವುದನ್ನು ನೋಡದವರಿಗೆ ಆ ಹಾಡಿನ ಯಾರಿಗೂ ಕೇರ್ ಮಾಡದ ಖುಷಿ ಅರ್ಧ ಮಾತ್ರ ದಕ್ಕಿದೆ. 'ಹುಟ್ಟಿದರೆ ಕನ್ನಡ ನಾಡಲ್ಲಿ' ಹಾಡಿನಲ್ಲಿ ಹಂಸಲೇಖ ಡಿ.ವಿ.ಜಿ.ಯವರ ಕಗ್ಗದ ಜಟಕಾಬಂಡಿಯನ್ನು ಪಲ್ಲವಿಗೇ ತಂದಿದ್ದಾರೆ. ತೆರೆಯ ಮೇಲೂ ಬಂಡಿಯೇ ಓಡುತ್ತಿರುವಾಗ ಲಯ, ಮಾತು, ಚಿತ್ರ ಮೂರೂ ಒಂದಾಗುತ್ತವೆ. 'ನಗುವ ನಯನ'ವನ್ನು ಛಾಯಾಗ್ರಾಹಕ ಬಾಲು ಮಹೇಂದ್ರ ಹಿಡಿದ ಬೆಳಕಿಗಾಗಿಯೇ ನೋಡಬೇಕು. ಇಳಯರಾಜ ಅವರ ವಾದ್ಯಸಂಯೋಜನೆಯಷ್ಟೇ ಸೂಕ್ಷ್ಮ ಆ ಬೆಳಕು, ಮಸುಕಾದ ಪ್ರತಿಯಲ್ಲಿ ಅದು ಸತ್ತೇಹೋಗುತ್ತದೆ. 'ಅನಿಸುತಿದೆ' ಮಾತ್ರ ನನಗೆ ಕಣ್ಣು ಮುಚ್ಚಿ ಕೇಳುವ ಹಾಡು. ಜಯಂತ ಕಾಯ್ಕಿಣಿಯವರ ಸಾಲು, ಮನೋಮೂರ್ತಿಯವರ ರಾಗ, ಸೋನು ನಿಗಮ್ ಅವರ ಮೆಲುದನಿ ಸೇರಿ ಕಟ್ಟುವ ಚಿತ್ರವೇ ಸಾಕಾಗುತ್ತದೆ.

'4ಕೆ' ಎಂಬ ಹಣೆಪಟ್ಟಿಗೆ ಮರುಳಾಗಬೇಡಿ. ಡಿವಿಡಿಯ 720×576 ಚಿತ್ರವನ್ನು ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ, ಸಾಫ್ಟ್‌ವೇರ್ ಉಜ್ಜಿದ ಮುಖಗಳು ಮೇಣದಂತೆ ಕಾಣುತ್ತವೆ. ಗುರುತಿಸಲು ಕೂದಲು, ಸೀರೆಯ ಅಂಚು, ಮರದ ಎಲೆ ನೋಡಿ. ಫಿಲ್ಮಿನಿಂದಲೇ ಹೊಸದಾಗಿ ಸ್ಕ್ಯಾನ್ ಮಾಡಿದ್ದರೆ ಸಣ್ಣ ಮರಳಿನಂಥ ಗ್ರೇನ್ ಇರುತ್ತದೆ. ಅಗಲ ತೆರೆಯ ಸಿನಿಮಾಸ್ಕೋಪ್ ಚಿತ್ರವನ್ನು ಟಿವಿಯ ಚೌಕಕ್ಕೆ ಕತ್ತರಿಸಿದ ಪ್ರತಿಗಳಲ್ಲಿ ಅಂಚಿನ ನೃತ್ಯಗಾರರು ಅರ್ಧ ಮಾತ್ರ ಉಳಿಯುತ್ತಾರೆ. ಟಿವಿಯಲ್ಲಿ ನೋಡುವವರು ಚಲನೆಯನ್ನು ನುಣುಪಾಗಿಸುವ ಮೋಷನ್ ಸ್ಮೂತಿಂಗ್ ಆಯ್ಕೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಸಿನಿಮಾ ಹಾಡು ಧಾರಾವಾಹಿಯಂತೆ ಕಾಣುತ್ತದೆ.

ಹಳೆಯ ವಿಡಿಯೊಗಳ ಶ್ರುತಿ ಏಕೆ ಏರಿರುತ್ತದೆ

ಹಾಡು ಕಲಿಯುವವರು, ಕೀಬೋರ್ಡ್ ನುಡಿಸುವವರು ಇದನ್ನು ತಿಳಿದಿರಲೇಬೇಕು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ನಮ್ಮಲ್ಲಿದ್ದ ಪಾಲ್ ಟಿವಿ ಪದ್ಧತಿ 25 ಫ್ರೇಮಿನದು. ರೀಲನ್ನು ಟಿವಿಗೋ ವಿಸಿಡಿಗೋ ಇಳಿಸುವಾಗ ಸುಲಭದ ದಾರಿ ಎಂದರೆ 24ನ್ನು 25ರ ವೇಗದಲ್ಲಿ ಓಡಿಸಿಬಿಡುವುದು. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಧ್ವನಿ ಮಾತ್ರ ಶೇ 4ರಷ್ಟು ವೇಗವಾಗಿ, ಶ್ರುತಿ ಸುಮಾರು 70 ಸೆಂಟ್ ಮೇಲಕ್ಕೆ ಹೋಗುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಅರ್ಧ ಸ್ವರದ ಮನೆಗೆ 100 ಸೆಂಟ್. ಹಾಗಾಗಿ ಇಂಥ ಪ್ರತಿ ಯಾವ ಮನೆಗೂ ಸರಿಯಾಗಿ ಕೂರುವುದಿಲ್ಲ. 4 ನಿಮಿಷದ ಹಾಡು 3 ನಿಮಿಷ 50 ಸೆಕೆಂಡಿಗೆ ಮುಗಿಯುತ್ತದೆ. ಪಿ.ಬಿ. ಶ್ರೀನಿವಾಸ್ ಅವರಂಥ ತುಂಬುಕಂಠದ ಮಂದ್ರ ತೆಳ್ಳಗಾಗುತ್ತದೆ, ಎಸ್. ಜಾನಕಿಯವರ ದನಿ ಇನ್ನಷ್ಟು ಚೂಪಾಗುತ್ತದೆ.

ಪತ್ತೆಹಚ್ಚುವಾಗ ಹಾಡಿನ ಒಟ್ಟು ಉದ್ದ ನೋಡಿ ಪ್ರಯೋಜನವಿಲ್ಲ, ವಿಡಿಯೊದಲ್ಲಿ ಕತ್ತರಿ ಬಿದ್ದಿರಬಹುದು. ಪಲ್ಲವಿಯ ಮೊದಲ ಅಕ್ಷರದಿಂದ ಅದೇ ಪಲ್ಲವಿಯ ಕೊನೆಯವರೆಗೆ ಎರಡೂ ಪ್ರತಿಗಳಲ್ಲಿ ಸ್ಟಾಪ್‌ವಾಚ್ ಹಿಡಿಯಿರಿ. ಆಡಿಯೊದಲ್ಲಿ 50 ಸೆಕೆಂಡ್ ಇದ್ದದ್ದು ವಿಡಿಯೊದಲ್ಲಿ 48 ಆಗಿದ್ದರೆ ಕಾರಣ ಇದೇ. ಯೂಟ್ಯೂಬಿನ ಸ್ಪೀಡ್ ಬಟನ್ನಿನಿಂದ ಇದು ಸರಿಹೋಗದು, ಅದು ವೇಗವನ್ನು ಇಳಿಸಿದರೂ ಶ್ರುತಿಯನ್ನು ಇದ್ದಲ್ಲೇ ಹಿಡಿದಿಡುತ್ತದೆ. ನಿಮ್ಮ ಬಳಿ ಇರುವ ವಿಸಿಡಿಯನ್ನು ಕಂಪ್ಯೂಟರಿನಲ್ಲಿ ವಿಎಲ್‌ಸಿಯಿಂದ ನುಡಿಸುವುದಾದರೆ, ಆಡಿಯೊ ಸೆಟ್ಟಿಂಗಿನಲ್ಲಿ ಟೈಮ್ ಸ್ಟ್ರೆಚಿಂಗ್ ಆಯ್ಕೆಯ ಟಿಕ್ ತೆಗೆದು ವೇಗವನ್ನು 0.96ಕ್ಕೆ ಇಡಿ, ವೇಗವೂ ಶ್ರುತಿಯೂ ಒಟ್ಟಿಗೇ ಇಳಿಯುತ್ತವೆ. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ವೇಗ ಮತ್ತು ಪಿಚ್ (ಶ್ರುತಿ) ಎರಡನ್ನೂ ಬದಲಿಸುವ ಎಫೆಕ್ಟ್ ತೆರೆದು 0.96 ಗುಣಕ ಕೊಟ್ಟರೂ ಅದೇ ಫಲ. ಒಂದು ಎಚ್ಚರಿಕೆ: ಹಳೆಯ ಧ್ವನಿಮುದ್ರಣಗಳು ಮೂಲದಲ್ಲೇ, ಕೀಬೋರ್ಡುಗಳು ಅನುಸರಿಸುವ 440 ಹರ್ಟ್ಸ್‌ ಶ್ರುತಿಗೆ ನಿಖರವಾಗಿ ಕೂರದಿರಬಹುದು. ಆದ್ದರಿಂದ ಕೀಬೋರ್ಡಿನ ಜೊತೆ ಸೇರಲಿಲ್ಲ ಎಂಬುದೊಂದನ್ನೇ ಹಿಡಿದು ತೀರ್ಮಾನಿಸಬೇಡಿ, ಸ್ಟಾಪ್‌ವಾಚ್ ಲೆಕ್ಕವೂ ಜೊತೆಗಿರಲಿ.

ಹಳೆಯ ಹಾಡುಗಳಿಗೆ ಇನ್ನೊಂದು ರೋಗವಿದೆ, ಸುಳ್ಳು ಸ್ಟೀರಿಯೊ. ಮೊನೊದಲ್ಲಿ, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿ ಬರುವಂತೆ ಮುದ್ರಿಸಿದ ಹಾಡನ್ನು ಒಂದು ಕಿವಿಗೆ ಸ್ವಲ್ಪ ತಡಮಾಡಿ ಕಳಿಸಿ 'ಅಗಲ' ಮಾಡಿರುತ್ತಾರೆ. ಹೆಡ್‌ಫೋನಿನಲ್ಲಿ ಮೊದಲಿಗೆ ಭಾರಿ ಅನ್ನಿಸುತ್ತದೆ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೊನೊ ಆಡಿಯೊ ಆನ್ ಮಾಡಿ ನೋಡಿ, ಗಾಯಕರ ದನಿ ಪೊಳ್ಳಾಗಿ ಕೊಳವೆಯೊಳಗಿಂದ ಬಂದಂತಾದರೆ ಆ ಪ್ರತಿ ಬಿಡಿ. ಒಂದೇ ಸ್ಪೀಕರ್ ಇರುವ ಬ್ಲೂಟೂತ್ ಡಬ್ಬಿಯಲ್ಲಿ ಅದು ಯಾವಾಗಲೂ ಹಾಗೆಯೇ ಕೇಳುತ್ತದೆ. ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್ ಅವರ ಅಂದಿನ ಹಾಡುಗಳನ್ನು ಶುದ್ಧ ಮೊನೊದಲ್ಲಿ, ದನಿ ನಟ್ಟನಡುವೆ ನಿಂತಿರುವಂತೆ ಕೇಳುವುದೇ ಸರಿ.

ಜೂಕ್‌ಬಾಕ್ಸ್

ಆಲ್ಬಮ್ಮಿನ ಹಾಡುಗಳನ್ನು ಒಂದೇ ಸಾಲಿಗೆ ಕೇಳಲು, ಮನೆಗೆಲಸದ ಹೊತ್ತಿಗೆ ಅನುಕೂಲ. 8 ನಿಮಿಷ ದಾಟಿದ ವಿಡಿಯೊದ ನಡುವೆ ಜಾಹೀರಾತು ಹಾಕಬಹುದಾದ್ದರಿಂದ, ಪ್ರೀಮಿಯಂ ಇಲ್ಲದವರಿಗೆ ಚರಣದ ಮಧ್ಯದಲ್ಲೇ ಸೋಪಿನ ಜಾಹೀರಾತು ಕೇಳಿಸೀತು. ಬೇರೆ ಬೇರೆ ಕಾಲದ ಹಾಡುಗಳನ್ನು ಜೋಡಿಸಿದ 'ಹಿಟ್ಸ್' ಜೂಕ್‌ಬಾಕ್ಸುಗಳು ಬೇಡವೇ ಬೇಡ, ಒಂದರಿಂದ ಒಂದಕ್ಕೆ ವಾಲ್ಯೂಮ್ ಜಿಗಿಯುತ್ತದೆ.

ಆಡಿಯೊ ಆ್ಯಪ್

ಬರೀ ಕೇಳುವುದಕ್ಕಾದರೆ ಇದೇ ಮೇಲು. ಸ್ಪಾಟಿಫೈ ಉಚಿತ ಖಾತೆಯಲ್ಲಿ ಫೋನಿಗೆ 160ರವರೆಗೆ, ಪ್ರೀಮಿಯಂನ ಸ್ಟ್ಯಾಂಡರ್ಡ್ ಯೋಜನೆಯಲ್ಲಿ 320 ಕೆಬಿಪಿಎಸ್. ಯೂಟ್ಯೂಬ್ ಮ್ಯೂಸಿಕ್ ಪ್ರೀಮಿಯಂ 256. ಆಪಲ್ ಮ್ಯೂಸಿಕ್ 256, ಅದರ ಜೊತೆಗೆ ಹೆಚ್ಚಿನ ಹಣವಿಲ್ಲದೆ ಲಾಸ್‌ಲೆಸ್ಸೂ (ಏನನ್ನೂ ಕಳೆಯದ ಧ್ವನಿ) ಇದೆ. ಆದರೆ ಲಾಸ್‌ಲೆಸ್ ಆನ್ ಮಾಡಿ ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡರೆ ಡೇಟಾ ಖರ್ಚಾಗುತ್ತದೆ ಅಷ್ಟೇ. ಸಾಮಾನ್ಯ ಬ್ಲೂಟೂತ್ ಧ್ವನಿಯನ್ನು ಮತ್ತೆ ಕುಗ್ಗಿಸಿಯೇ ಕಳಿಸುತ್ತದೆ, ಎಸ್‌ಬಿಸಿ ಕೋಡೆಕ್ಕಿನಲ್ಲಿ ಹೆಚ್ಚೆಂದರೆ 328 ಕೆಬಿಪಿಎಸ್ ಆಸುಪಾಸು. ಡೇಟಾದ ಲೆಕ್ಕ ಬೇಕಿದ್ದರೆ, 160ರಲ್ಲಿ ಗಂಟೆಗೆ ಸುಮಾರು 72 ಎಂಬಿ, 320ರಲ್ಲಿ 144. ಇಯರ್‌ಬಡ್ಡಿನಲ್ಲಿ ಬಸ್ಸಿನೊಳಗೆ ಕೇಳುವವರಿಗೆ 160 ಧಾರಾಳ ಸಾಕು.

ಎಲ್ಲ ಹಾಡುಗಳನ್ನೂ ಒಂದೇ ಗಟ್ಟಿತನಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಇರಲಿ. ಸ್ಪಾಟಿಫೈಯ 'ನಾರ್ಮಲ್' ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಗಟ್ಟಿತನದ ಅಳತೆ), ಗಟ್ಟಿಯಾದ ಹಾಡನ್ನು ತಗ್ಗಿಸುತ್ತದೆ, ಮೆಲ್ಲಗಿನದನ್ನು ಏರಿಸುತ್ತದೆ. ಯೂಟ್ಯೂಬ್ ಗಟ್ಟಿಯಾದುದನ್ನು ತಗ್ಗಿಸುತ್ತದೆಯೇ ಹೊರತು ಮೆಲ್ಲಗಿನದನ್ನು ಏರಿಸುವುದಿಲ್ಲ. 'ಟಗರು ಬಂತು ಟಗರು' ಆದಮೇಲೆ ಎಪ್ಪತ್ತರ ದಶಕದ ಹಾಡು ಬಂದಾಗ ಫೋನು ಕಿವಿಯಿಂದ ದೂರ ಹೋದಂತೆ ಅನ್ನಿಸುವುದಕ್ಕೆ ಇದೇ ಕಾರಣ.

ಆ್ಯಪ್‌ಗಳ ದೊಡ್ಡ ದೋಷ ಮಾಹಿತಿಯದು. 1974ರ ಹಾಡು ಯಾವುದೋ ಸಂಕಲನದ ಹೆಸರಿನಲ್ಲಿ ಈಚಿನ ಇಸವಿ ಹೊತ್ತು ಕೂತಿರುತ್ತದೆ. ಗೀತರಚನೆಕಾರರನ್ನು ಗಾಯಕರ ಜಾಗದಲ್ಲಿ ಹಾಕಿರುತ್ತಾರೆ. ಬೇರೆಯವರು ಹಾಡಿದ ಕವರ್, ಮೂಲದ ಚಿತ್ರವನ್ನೇ ಮುಖಪುಟಕ್ಕೆ ಅಂಟಿಸಿಕೊಂಡು ಬರುತ್ತದೆ. ಮೊದಲ 20 ಸೆಕೆಂಡಿನ ವಾದ್ಯ ಕೇಳಿ, ಉದ್ದ ನೋಡಿ, ಕೆಳಗೆ ಆಡಿಯೊ ಕಂಪನಿಯ ಹೆಸರು ನೋಡಿ, ಆಮೇಲೆ ಪ್ಲೇಲಿಸ್ಟಿಗೆ ಸೇರಿಸಿ. ಆ್ಯಪಿನಲ್ಲಿರುವುದು ಎಂದೆಂದಿಗೂ ಇರುತ್ತದೆ ಎಂಬ ಭರವಸೆಯೂ ಇಲ್ಲ. 2022ರಲ್ಲಿ 'ಕಾಂತಾರ'ದ 'ವರಾಹ ರೂಪಂ' ಹಕ್ಕಿನ ವಿವಾದದಿಂದ ಕೆಲಕಾಲ ಮರೆಯಾಗಿ, ಒಟಿಟಿಯಲ್ಲಿ ಸಿನಿಮಾ ಬಂದಾಗ ಬೇರೆ ಸಂಗೀತದಲ್ಲಿ ಕೇಳಿಸಿತ್ತು.

ಸಿಡಿ

ಮನೆಯಲ್ಲಿ ಒರಿಜಿನಲ್ ಆಡಿಯೊ ಸಿಡಿ ಇದ್ದರೆ ಅದನ್ನು ಮೀರಿಸುವುದು ಕಷ್ಟ. 16 ಬಿಟ್, 44.1 ಕಿಲೊಹರ್ಟ್ಸ್, 1,411 ಕೆಬಿಪಿಎಸ್. ಒಮ್ಮೆ ಫ್ಲ್ಯಾಕ್‌ಗೆ (ಲಾಸ್‌ಲೆಸ್ ಕಡತದ ಒಂದು ಬಗೆ) ಇಳಿಸಿಟ್ಟರೆ ಯಾವ ವಿವಾದವೂ ಅದನ್ನು ಕಸಿಯದು. ಆಡಿಯೊ ಸಿಡಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 80 ನಿಮಿಷ. ಹೊದಿಕೆಯ ಮೇಲೆ ಐವತ್ತು, ನೂರು ಹಾಡು ಎಂದಿದ್ದರೆ ಅದು ಎಂಪಿ3 ಸಿಡಿ, ಅದರಿಂದ ಇಳಿಸುವ ಶ್ರಮ ವ್ಯರ್ಥ.

ಕಾರಿನ ಪೆನ್‌ಡ್ರೈವಿನಲ್ಲಿ '320' ಎಂದು ಹೆಸರಿಟ್ಟ ಕಡತಗಳನ್ನೂ ಹಾಗೆಯೇ ನಂಬಬೇಡಿ. ಸ್ಪೆಕ್ ಎಂಬ ಉಚಿತ ತಂತ್ರಾಂಶಕ್ಕೆ ಕಡತವನ್ನು ಎಳೆದು ಹಾಕಿದರೆ ಸದ್ದು ಎಷ್ಟು ಕಿಲೊಹರ್ಟ್ಸ್‌ವರೆಗೆ ಏರುತ್ತದೆ ಎಂದು ತೋರಿಸುವ ಬಣ್ಣದ ಚಿತ್ರ ಬರುತ್ತದೆ. ಬಣ್ಣ 16 ಕಿಲೊಹರ್ಟ್ಸ್ ಹತ್ತಿರ ಗೆರೆ ಎಳೆದಂತೆ ನಿಂತಿದ್ದರೆ ಅದು 128ರ ಕಡತವನ್ನು ಉಬ್ಬಿಸಿದ್ದು. ನಿಜವಾದ 320 ಸುಮಾರು 20ರವರೆಗೆ ಹೋಗುತ್ತದೆ. ಆದರೆ ಎಪ್ಪತ್ತರ ದಶಕದ ಹಾಡಿನಲ್ಲಿ ಮೂಲದಲ್ಲೇ ಅಷ್ಟು ಮೇಲಿನ ಸದ್ದು ಇಲ್ಲದಿರಬಹುದು. ಅಲ್ಲಿ ಬಣ್ಣ ಮೆಲ್ಲಗೆ ಕರಗುತ್ತದೆ, ಸ್ಕೇಲ್ ಇಟ್ಟು ಕೊಯ್ದಂತೆ ನಿಲ್ಲುವುದಿಲ್ಲ.