ಸೀನಿಯರ್ ಕೊಟ್ಟ ಸ್ಕ್ರಿಪ್ಟ್ ಓಡಿಸೋ ಮುಂಚೆ ಇದನ್ನೊಮ್ಮೆ ಓದಿ

ಪ್ರಾಟ್ (ದನಿ ಅಳೆಯೋ ಸಾಫ್ಟ್‌ವೇರ್) ಇಟ್ಕೊಂಡು ಕನ್ನಡ ಸ್ವರಗಳ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದೀರಾ? ನನ್ನ ಮೂರು ತಿಂಗಳು ನೀರಲ್ಲಿ ಹೋಮ ಆದ ಕಥೆ ಇದು.

ಹತ್ತು ಜನ ಗಂಡಸರ ಹತ್ತಿರ ಊಟ, ಈಟಿ, ಆಟ ಅಂತೆಲ್ಲ ಹೇಳಿಸಿ ರೆಕಾರ್ಡ್ ಮಾಡಿದ್ದೆ. ಅಳತೆಯನ್ನೆಲ್ಲ ತಾನೇ ಮಾಡೋ ಸ್ಕ್ರಿಪ್ಟನ್ನ ಸೀನಿಯರ್ ಅಕ್ಕ ಕೊಟ್ಟಿದ್ದಳು. ಓಡಿಸಿದರೆ ಐದೇ ನಿಮಿಷ, ಪಿಚ್ಚು (ದನಿ ಎಷ್ಟು ತಗ್ಗು, ಎಷ್ಟು ಏರು ಅನ್ನೋದು), ಫಾರ್ಮೆಂಟು (ಗಂಟಲು-ಬಾಯಿ ಅನುರಣಿಸೋ ಆವರ್ತನ, ಯಾವ ಸ್ವರ ಅಂತ ಗೊತ್ತಾಗೋದು ಇದರಿಂದ) ಎಲ್ಲ ಎಕ್ಸೆಲ್‌ಗೆ ಬಂದು ಬಿತ್ತು. ಸರಾಸರಿ ತೆಗೆದೆ, ಗ್ರಾಫ್ ಹಾಕಿದೆ, ಅಧ್ಯಾಯವನ್ನೂ ಬರೆದೆ. ಗೈಡ್ ಗ್ರಾಫ್ ನೋಡಿ ಒಂದೇ ಮಾತು ಕೇಳಿದರು: "ಏನಮ್ಮಾ, ನಿಮ್ಮ ಕಡೆ ಊಟಕ್ಕೆ ಈಟ ಅಂತಾರಾ?"

ನಾಲ್ಕು ಜನರ ‘ಊ’ ಹೋಗಿ ‘ಈ’ ಪಕ್ಕ ಕೂತಿತ್ತು. ಎರಡನೇ ಫಾರ್ಮೆಂಟ್ 800 ಹರ್ಟ್ಜ್ ಆಸುಪಾಸು ಇರಬೇಕಾದ್ದು 2300 ಅಂತ ಬಂದಿತ್ತು.

ತಪ್ಪು ಇಷ್ಟೇ. ಸ್ಕ್ರಿಪ್ಟಲ್ಲಿ ‘5500 ಹರ್ಟ್ಜ್ ಒಳಗೆ ಐದು ಫಾರ್ಮೆಂಟ್ ಹುಡುಕು’ ಅಂತಿತ್ತು. ಅದು ಹೆಂಗಸರ ದನಿಗೆ ಹೊಂದೋ ಲೆಕ್ಕ. ಗಂಡಸರ ಧ್ವನಿನಾಳ (ಗಂಟಲಿಂದ ತುಟಿವರೆಗಿನ ದಾರಿ) ಸುಮಾರು 17.5 ಸೆಂ.ಮೀ. ಒಂದು ತುದಿ ಮುಚ್ಚಿದ ಕೊಳವೆ ಅಂದ್ಕೊಂಡರೆ ಅದು 500, 1500, 2500, 3500, 4500ಕ್ಕೆ ಅನುರಣಿಸುತ್ತೆ. ಅಂದ್ರೆ 5000ದೊಳಗೇ ಐದೂ ಮುಗೀತು. ಮಿತಿಯನ್ನ ಮೇಲಕ್ಕೆ ಎಳೆದು ‘ಐದೇ ಸಾಕು’ ಅಂದರೆ ಕೆಳಗಡೆ ಕೊರತೆ ಬೀಳುತ್ತೆ. ‘ಊ’ದಲ್ಲಿ ಮೊದಲೆರಡು ಮೊದಲೇ ಒತ್ತಿಕೊಂಡಿರ್ತವೆ, ಎರಡೂ ಸೇರಿ ಒಂದಾಗಿಬಿಡ್ತವೆ. ಆಮೇಲೆ ಮೂರನೆಯದಕ್ಕೇ ಎರಡನೆಯದು ಅನ್ನೋ ಹೆಸರು. ಸ್ಪೆಕ್ಟ್ರೋಗ್ರಾಮ್ (ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಅಂತ ತೋರಿಸೋ ಚಿತ್ರ) ಒಂದ್ಸಲ ತೆರೆದಿದ್ದರೂ ಸಾಕಿತ್ತು. ನಿಜವಾದ ಫಾರ್ಮೆಂಟಿನ ಕಪ್ಪು ಪಟ್ಟಿ ಒಂದು ಕಡೆ, ಪ್ರಾಟ್ ಹಾಕಿದ ಕೆಂಪು ಚುಕ್ಕಿ ಇನ್ನೊಂದು ಕಡೆ. ನಾನು ತೆರೆದೇ ಇರಲಿಲ್ಲ.

ಪಿಚ್ಚಿನದು ಪೂರ್ತಿ ನನ್ನದೇ ಅತಿಬುದ್ಧಿ. ಗಂಡಸರ ದನಿ ತಗ್ಗು ಅಲ್ವಾ ಅಂತ ಕೆಳಮಿತಿಯನ್ನ 50ಕ್ಕೆ ಇಳಿಸಿದ್ದೆ. ಒಬ್ಬರ ಪಿಚ್ 61 ಹರ್ಟ್ಜ್ ಅಂತ ಬಂತು. ‘ಅಬ್ಬಾ, ಎಂಥ ಗಂಟಲು’ ಅಂದ್ಕೊಂಡು ಸುಮ್ಮನಾದೆ. ಕೊನೆಗೆ ಅಲೆ ದೊಡ್ಡದು ಮಾಡಿ, ಐದು ಆವರ್ತ ಎಣಿಸಿ ಸೆಲೆಕ್ಟ್ ಮಾಡಿದರೆ 41 ಮಿಲಿಸೆಕೆಂಡ್. ಒಂದಕ್ಕೆ 8.2, ಅಂದ್ರೆ 122 ಹರ್ಟ್ಜ್! ಪ್ರಾಟ್ ಪಿಚ್ ಹುಡುಕೋದು ಆಟೋಕೋರಿಲೇಶನ್‌ನಿಂದ, ಅಂದ್ರೆ ಅಲೆಯನ್ನ ಸರಿಸಿ ಸರಿಸಿ ಅದರ ಜೊತೆಗೇ ಹೋಲಿಸಿ. ಅದಕ್ಕೆ ಒಂದು ಆವರ್ತದ ದೂರದಲ್ಲಿ ಸಿಗೋ ಶಿಖರ ಎರಡು ಆವರ್ತದ ದೂರದಲ್ಲೂ ಸಿಗುತ್ತೆ. ದನಿ ಸ್ವಲ್ಪ ಒಡಕಾಗಿದ್ದರೆ ಎರಡನ್ನ ಒಂದು ಅಂತ ಎಣಿಸಿಬಿಡುತ್ತೆ. ಇನ್ನೊಂದು ಫೈಲಲ್ಲಿ ಮಾತೇ ಇಲ್ಲದ ಜಾಗದಲ್ಲಿ 100 ಹರ್ಟ್ಜ್‌ಗೆ ಸ್ಕೇಲ್ ಇಟ್ಟು ಗೀಚಿದ ಹಾಗೆ ಪಿಚ್ ಗೆರೆ. ಅದು ಕರೆಂಟಿನ ಗುಂಯ್ ಸದ್ದು, ನಮ್ಮ 50 ಹರ್ಟ್ಜ್ ಸಪ್ಲೈಯ ದುಪ್ಪಟ್ಟು. ಅದನ್ನೂ ಸರಾಸರಿಗೆ ಸೇರಿಸಿದ್ದೆ, ಪುಣ್ಯಾತ್ಗಿತ್ತಿ.

ಈಗ ಫಾರ್ಮೆಂಟ್ ಮಿತಿ 5000, ಪಿಚ್ 75ರಿಂದ 300 ಇಟ್ಟು, ಒಂದೊಂದೇ ಸ್ವರವನ್ನ ಕಣ್ಣಲ್ಲಿ ನೋಡಿ ಅಳೀತಿದ್ದೀನಿ. ದಿನಕ್ಕೆ ಒಬ್ಬರದು ಮುಗಿದರೆ ಹೆಚ್ಚು.

ಸ್ಕ್ರಿಪ್ಟ್ ಕೊಟ್ಟ ಅಕ್ಕನಿಗೆ ಫೋನ್ ಮಾಡಿ ಗೋಳಾಡಿದೆ. "ಅಯ್ಯೋ, ನಾನು ಕೆಲಸ ಮಾಡಿದ್ದು ಹೆಂಗಸರ ದನಿ ಮೇಲಲ್ವೇನೇ" ಅಂದಳು.