ಹೆಸರು ಖಚಿತವಾಗದೆ ಮೀನು ಮಾರದ ಅಂಗಡಿ: ಬಳ್ಳಾರಿಯ ಕೌಲ್ ಬಜಾರ್ ಕಡೆಯ ಅಕ್ವೇರಿಯಂ ಮಳಿಗೆ

ಮೂರು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಡೆಮಸೋನಿ (ಸಿಕ್ಲಿಡ್ ಕುಟುಂಬದ ಒಂದು ಆಫ್ರಿಕನ್ ಮೀನು) ಎಂದು ನಂಬಿ ಕೊಂಡು ತಂದ ಆರು ನೀಲಿ ಮರಿಗಳಲ್ಲಿ ಒಂದು, ಐದನೆಯ ತಿಂಗಳಿಗೆ ಮೆಲ್ಲಗೆ ಹಳದಿಗೆ ತಿರುಗಿತು. ಡೆಮಸೋನಿಯ ಗಂಡೂ ಹೆಣ್ಣೂ ಮರಿಯಾಗಿದ್ದಾಗಿನಿಂದ ಕೊನೆಯವರೆಗೆ ನೀಲಿ ಮೈಯ ಮೇಲೆ ಕಪ್ಪು ಪಟ್ಟೆಗಳನ್ನೇ ಹೊತ್ತಿರುತ್ತವೆ. ಹಳದಿಯಾಗುವುದು ಕೆನ್ಯಿ ಎಂಬ ಇನ್ನೊಂದು ಸಿಕ್ಲಿಡ್‌ನ ಗಂಡು. ಗೊತ್ತಾಗುವಷ್ಟರಲ್ಲಿ ಅದು ಉಳಿದವುಗಳಲ್ಲಿ ಎರಡನ್ನು ಕಚ್ಚಿ ಕೊಂದಿತ್ತು. ಕೆನ್ಯಿ ಕೆಟ್ಟ ಮೀನೇನಲ್ಲ, ಆದರೆ ಅದರ ಮುಂಗೋಪಕ್ಕೂ ಗಾತ್ರಕ್ಕೂ ತಕ್ಕ ದೊಡ್ಡ ತೊಟ್ಟಿ ಬೇಕು; ನನ್ನ ಮನೆಯ ಮೂರಡಿ ತೊಟ್ಟಿ ಅದಕ್ಕೆ ಸಾಲುತ್ತಿರಲಿಲ್ಲ.

ಆ ನಷ್ಟದ ನಂತರ ಸಿರುಗುಪ್ಪದಿಂದ ಬಸ್ಸು ಹತ್ತಿ ನಾನು ಈ ಅಂಗಡಿಗೆ ಬರತೊಡಗಿದೆ. ಹೊರಗಿನಿಂದ ನೋಡಿದರೆ ವಿಶೇಷವೇನೂ ಕಾಣುವುದಿಲ್ಲ: ಇಕ್ಕಟ್ಟಾದ ಕೋಣೆ, ಮೂರು ಸಾಲಿನ ಕಬ್ಬಿಣದ ಸ್ಟ್ಯಾಂಡು, ಬಾಗಿಲಲ್ಲಿ ಗೋಲ್ಡ್ ಫಿಶ್ ಬಟ್ಟಲುಗಳು. ಒಳಗೆ ಹೋದ ಮೇಲೆ ಆಫ್ರಿಕನ್ ಸಿಕ್ಲಿಡ್‌ಗಳ ಸಾಲಿನ ಮುಂದೆ ನಿಂತು ಗಾಜಿನ ಮೇಲಿನ ಬರಹವನ್ನು ಓದಬೇಕು. ಪ್ರತಿ ತೊಟ್ಟಿಯ ಮೇಲೆ ಮೀನು ಬಂದ ದಿನಾಂಕ ಮತ್ತು ಅಂದಿನ ಉದ್ದವನ್ನು ಮಾರ್ಕರಿನಲ್ಲಿ ಬರೆದಿದ್ದಾರೆ; ಎರಡು ತೊಟ್ಟಿಗಳ ಮೇಲೆ ‘ನೀಲಿ ಮರಿ, ಹೆಸರು ಬಾಕಿ’ ಎಂದಷ್ಟೇ ಇತ್ತು. ಅವುಗಳಲ್ಲಿ ನಾಲ್ಕು ಬೇಕೆಂದು ಕೇಳಿದಾಗ ಮಾಲೀಕರು, “ಇವು ಇನ್ನೂ ಸಣ್ಣವದಾವ್ರಿ, ಒಂದು ತಿಂಗಳು ತಡೀರಿ, ಯಾವುದು ಅಂತ ನಾನೇ ಹೇಳ್ತೀನಿ” ಎಂದರು. ದುಡ್ಡು ಕೊಡಲು ಸಿದ್ಧನಾಗಿ ನಿಂತ ಗಿರಾಕಿಗೆ ಹೀಗೆ ಹೇಳುವ ವ್ಯಾಪಾರಿಯನ್ನು ಈ ಹವ್ಯಾಸದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಗುರುತಿಸುವಾಗಲೂ ಅವರು ಅವಸರ ಮಾಡುವುದಿಲ್ಲ. ಬಲೆಯಿಂದ ಎತ್ತಿದ ಮೀನು ಹೆದರಿ ಬಣ್ಣ ಕಳೆದುಕೊಳ್ಳುತ್ತದೆ, ಪಟ್ಟೆಗಳೂ ಮಸುಕಾಗುತ್ತವೆ. ಆದ್ದರಿಂದ ಮೀನನ್ನು ಚಿಕ್ಕ ಗಾಜಿನ ಡಬ್ಬಿಗೆ ಬಿಟ್ಟು, ಹಿಂದೆ ಬಿಳಿ ಕಾಗದ ಹಿಡಿದು, ಅದು ಶಾಂತವಾಗುವ ತನಕ ಕಾಯುತ್ತಾರೆ. ಆಗ ಡೆಮಸೋನಿಯ ಗಾಢ ನೀಲಿ ಮೈಯೂ ಹಣೆಯಿಂದ ಬಾಲದವರೆಗಿನ ಕಡುಗಪ್ಪು ಪಟ್ಟೆಗಳೂ ನಿಚ್ಚಳವಾಗಿ ಕಾಣುತ್ತವೆ. ಕೆನ್ಯಿ ಮರಿಯ ಮೈ ಅದರ ಪಕ್ಕದಲ್ಲಿ ಹಾಲು ಬೆರೆಸಿದಂತಹ ತಿಳಿನೀಲಿ, ಪಟ್ಟೆಯೂ ಅಷ್ಟು ಕಪ್ಪಲ್ಲ. ಇಂಥದ್ದೇ ಮೂರನೆಯ ಸಿಕ್ಲಿಡ್ ಆದ ಸೌಲೋಸಿಯ ಬೆಳೆದ ಗಂಡು ಡೆಮಸೋನಿಯನ್ನು ಬಹಳವಾಗಿ ಹೋಲುತ್ತದೆ, ಆದರೆ ಸೌಲೋಸಿಯ ಮರಿಗಳೆಲ್ಲ ಹಳದಿ. ಗಂಡು ಮಾತ್ರ ಬೆಳೆದಂತೆ ನೀಲಿಯಾಗುತ್ತದೆ. ಎರಡು ಸೆಂಟಿಮೀಟರಿನ ನೀಲಿ ಮರಿ ಸೌಲೋಸಿ ಆಗಿರಲಾರದು ಎಂಬ ಒಂದೇ ಮಾತು ನನ್ನ ಅರ್ಧ ಗೊಂದಲವನ್ನು ತೀರಿಸಿತು.

ಹಳದಿ ಮೀನುಗಳ ಪೈಕಿ ಎಲೆಕ್ಟ್ರಿಕ್ ಯೆಲ್ಲೋ ಎಂದು ಮಾರುವ ಲ್ಯಾಬಿಡೋಕ್ರೋಮಿಸ್ ಸೆರುಲಿಯಸ್ ಹುಡುಕುವವರು ಬೆನ್ನಿನ ರೆಕ್ಕೆಯನ್ನು ನೋಡಬೇಕು: ಮುಂದಿನಿಂದ ಹಿಂದಿನವರೆಗೆ ಒಂದು ಕಪ್ಪು ಗೆರೆ ಉದ್ದಕ್ಕೂ ಓಡಿರುತ್ತದೆ. ಸೌಲೋಸಿಯ ಹೆಣ್ಣಿನಲ್ಲಿ ಆ ಗೆರೆಯಿಲ್ಲ. ಕೆನ್ಯಿಯ ಗಂಡಿನಲ್ಲಿಯೂ ಇಲ್ಲ, ಬದಲಿಗೆ ಹಳದಿ ಮೈಯಲ್ಲಿ ಕಂದು ಛಾಯೆಯ ಅಡ್ಡಪಟ್ಟೆಗಳು ಉಳಿದಿರುತ್ತವೆ. ಮುಖವೂ ಬೇರೆ. ಬಂಡೆಯ ಸಂದಿನಿಂದ ಹುಳು ಹೆಕ್ಕುವ ಸೆರುಲಿಯಸ್‌ಗೆ ಚೂಪಾದ ಮೂತಿ. ಪಾಚಿ ಕೆರೆಯುವ ಕೆನ್ಯಿಗೆ ಮೊಂಡಾದ ಮುಖ. ಸೆರುಲಿಯಸ್ ಮರಿಗಳಲ್ಲಿ ಗೆರೆ ಇನ್ನೂ ಮಸುಕಾಗಿರಬಹುದು, ರೆಡ್ ಜೀಬ್ರಾ ಎಂಬ ಇನ್ನೊಂದು ಸಿಕ್ಲಿಡ್‌ನೊಂದಿಗೆ ಬೆರೆತು ಹುಟ್ಟಿದ ಮರಿಗಳಲ್ಲಿ ಅದು ಅರ್ಧಂಬರ್ಧ ಮೂಡಿ ಮೈಗೆ ಕಿತ್ತಳೆ ಛಾಯೆ ಬಂದಿರಬಹುದು. ಅಂತಹವನ್ನು ಈ ಅಂಗಡಿಯವರು ‘ಮಿಶ್ರ’ ಎಂದು ಬರೆದು ಅಗ್ಗಕ್ಕೆ ಕೊಡುತ್ತಾರೆ.

ಈ ಎಚ್ಚರಿಕೆ ಏಕೆ ಬೇಕೆಂಬುದಕ್ಕೆ ಮೀನುಗಳ ತವರನ್ನು ನೋಡಿದರೆ ಸಾಕು. ಇವೆಲ್ಲವೂ ಪೂರ್ವ ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ಮೀನುಗಳೇ ಆದರೂ ಡೆಮಸೋನಿ ಇರುವುದು ತಾನ್ಜಾನಿಯಾ ತೀರದಲ್ಲಿ, ಸೌಲೋಸಿ ಚಿಜುಮುಲು ದ್ವೀಪದ ಹತ್ತಿರದ ಒಂದು ದಿಬ್ಬದಲ್ಲಿ, ಕೆನ್ಯಿ ಇನ್ನೂ ದಕ್ಷಿಣದ ಎಂಬೆಂಜಿ ದ್ವೀಪದ ಸುತ್ತ. ಅಲ್ಲಿ ಎಂದೂ ಭೇಟಿಯಾಗದ ಈ ಮೀನುಗಳು ನಮ್ಮ ಗಾಜಿನ ತೊಟ್ಟಿಯಲ್ಲಿ ಕೂಡಿ ಮರಿ ಮಾಡಿಬಿಡುತ್ತವೆ; ಹೆಣ್ಣು ಮೂರು ವಾರ ಬಾಯಿಯಲ್ಲಿಟ್ಟು ಸಾಕಿ ಹೊರಬಿಡುವ ಆ ಮರಿಗಳಿಗೆ ಯಾವ ಹೆಸರೂ ಸಲ್ಲುವುದಿಲ್ಲ. ಅಂಗಡಿಯ ಚೀಟಿಗಳಲ್ಲಿ ಡೆಮಸೋನಿ, ಸೌಲೋಸಿ ಎರಡಕ್ಕೂ ಇನ್ನೂ ಸ್ಯೂಡೋಟ್ರೋಫಿಯಸ್ ಎಂಬ ಹಳೆಯ ಕುಲನಾಮವೇ ಇದೆ. 2016ರಿಂದ ಅವು ಚಿಂಡೊಂಗೊ ಕುಲಕ್ಕೆ ಸೇರಿವೆ. ಕೊಳ್ಳುವವರಿಗೆ ಇದರಿಂದ ತೊಂದರೆಯಿಲ್ಲ.

ನೀರಿನ ವಿಷಯದಲ್ಲಿಯೂ ನೇರ ಸಲಹೆ ಸಿಕ್ಕಿತು. ನನ್ನ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ಒಯ್ದಿದ್ದೆ. ಪಿಎಚ್ (ನೀರಿನ ಆಮ್ಲ-ಕ್ಷಾರತೆಯ ಅಳತೆ) 8ರ ಆಸುಪಾಸಿನಲ್ಲಿದ್ದು ಗಡುಸೂ ಆಗಿದ್ದರಿಂದ, ಈ ಮೀನುಗಳಿಗಾಗಿ ನೀರನ್ನು ಗಡುಸಾಗಿಸಲು ಬೆರೆಸುವ ಸಿಕ್ಲಿಡ್ ಸಾಲ್ಟ್ ಡಬ್ಬಿಯನ್ನು ಕೊಳ್ಳುವ ಅಗತ್ಯವಿಲ್ಲ ಎಂದು ಅವರೇ ಹೇಳಿದರು. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಹೊತ್ತು ಮಾತ್ರ ದೂರದ ಊರಿಗೆ ಮೀನು ಕಟ್ಟಿಕೊಡುತ್ತಾರೆ. ಆಕ್ಸಿಜನ್ ತುಂಬಿದ ಚೀಲವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಥರ್ಮಾಕೋಲ್ ಡಬ್ಬಿಯಲ್ಲಿ ಕೊಟ್ಟ ಎಂಟೂ ಡೆಮಸೋನಿಗಳು ಸಿರುಗುಪ್ಪಕ್ಕೆ ಜೀವಂತವಾಗಿ ಬಂದವು. ಹದಿನಾಲ್ಕು ತಿಂಗಳಾದವು, ಒಂದೂ ಬಣ್ಣ ಬದಲಿಸಿಲ್ಲ.

ಒಂದು ದೂರನ್ನು ಮುಚ್ಚಿಡಲಾರೆ. ಮೇಲಿನ ಸಾಲಿನ ಪೀಕಾಕ್ ಸಿಕ್ಲಿಡ್‌ಗಳ ವಿಷಯದಲ್ಲಿ ಇವರ ಶಿಸ್ತು ಸಡಿಲವಾಗುತ್ತದೆ. ಪೀಕಾಕ್ ಹೆಣ್ಣುಗಳೆಲ್ಲವೂ ಬೂದುಗಂದು; ಬರಿಗಣ್ಣಿಗೆ ಒಂದು ಜಾತಿಯ ಹೆಣ್ಣನ್ನು ಇನ್ನೊಂದರಿಂದ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ, ಯಾವ ಗಂಡಿನ ಸಂಸಾರದಿಂದ ಬಂದಿವೆ ಎಂಬ ದಾಖಲೆಯೇ ಆಧಾರ. ಆದರೂ ಅವುಗಳ ಮೇಲೆ ಖಚಿತವಾದ ಹೆಸರುಗಳನ್ನು ಬರೆದು ಜೋಡಿಯಾಗಿ ಮಾರುತ್ತಿದ್ದರು. ನಾನು ಇದನ್ನು ಮಾಲೀಕರ ಗಮನಕ್ಕೆ ತಂದೆ; ಅವರು ಬೇಸರಪಟ್ಟುಕೊಳ್ಳಲಿಲ್ಲ. ಹೋದ ತಿಂಗಳು ನೋಡಿದಾಗ ಒಂದು ತೊಟ್ಟಿಯ ಮೇಲೆ ‘ಹೆಣ್ಣು, ಜಾತಿ ಖಚಿತವಿಲ್ಲ’ ಎಂದು ತಿದ್ದಿದ್ದರು. ಉಳಿದೆರಡು ತೊಟ್ಟಿಗಳ ಮೇಲೆ ಹಳೆಯ ಹೆಸರೇ ಇತ್ತು. ಅಲ್ಲಿಂದ ಜೋಡಿ ಕೊಳ್ಳುವವರು ಗಂಡನ್ನು ಮಾತ್ರ ಕೊಳ್ಳುವುದು ಒಳ್ಳೆಯದು.