ಸೋರ್ಸ್ ಕೋಡ್ ಕೊಡದ ಆರ್‌ಟಿಓಎಸ್ ಮತ್ತು ಸುಟ್ಟುಹೋದ ಕೊಳವೆಬಾವಿ ಮೋಟಾರ್

ಚಿಕ್ಕ ಸಾಧನಗಳಿಗೆ, ಕೆಲಸಗಳನ್ನು ಆದ್ಯತೆ ನೋಡಿ ಹೇಳಿದ ಸಮಯದೊಳಗೆ ಓಡಿಸುವ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂ, ಅಂದರೆ ಆರ್‌ಟಿಓಎಸ್, ಆರಿಸಿಕೊಳ್ಳುವ ಹಂತದಲ್ಲಿರುವವರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ಚಿಪ್ ಜೊತೆಗೆ ಉಚಿತವಾಗಿ ಸಿಗುತ್ತದೆಂಬ ಕಾರಣಕ್ಕೆ, ಸೋರ್ಸ್ ಕೋಡ್ ಇಲ್ಲದೆ, ಒಳಗೇನಿದೆ ಎಂದು ಓದಲಾಗದ ಬರೀ ಲೈಬ್ರರಿಯಾಗಿ ಬರುವ ಕರ್ನಲ್ (ಆರ್‌ಟಿಓಎಸ್‌ನ ತಿರುಳು) ಒಂದನ್ನು ನಾವು ಒಪ್ಪಿಕೊಂಡೆವು. ಅದರ ನಷ್ಟ ಮೊದಲು ಬಿದ್ದದ್ದು ಚಿಂತಾಮಣಿ ತಾಲ್ಲೂಕಿನ ಒಬ್ಬ ರೈತರ ಮೇಲೆ.

ನಾವು ನಾಲ್ಕು ಜನ ಬೆಂಗಳೂರಿನಲ್ಲಿ ಸೇರಿ ಮಾಡುತ್ತಿದ್ದದ್ದು ಕೊಳವೆಬಾವಿ ಮೋಟಾರುಗಳನ್ನು ಕಾಯುವ ಸಾಧನ. ಮೂರು ಫೇಸ್‌ಗಳ ಕರೆಂಟ್ ಅಳೆಯುವುದು, ಒಂದು ಫೇಸ್ ಹೋದರೆ ಅಥವಾ ಬಾವಿಯಲ್ಲಿ ನೀರು ತಳ ಕಂಡರೆ ಎರಡು ಸೆಕೆಂಡಿನೊಳಗೆ ಸ್ಟಾರ್ಟರ್ ಟ್ರಿಪ್ ಮಾಡುವುದು, ಆಮೇಲೆ ರೈತರ ಮೊಬೈಲಿಗೆ ಸಂದೇಶ ಕಳಿಸುವುದು, ಇಷ್ಟೇ ಅದರ ಕೆಲಸ. ಬೆಲೆ ಹಿಡಿತದಲ್ಲಿರಲೆಂದು 64 ಕೆಬಿ ಫ್ಲ್ಯಾಶ್ ಮತ್ತು 8 ಕೆಬಿ ರ್‍ಯಾಮ್ ಇರುವ ಕಾರ್ಟೆಕ್ಸ್ ಎಂ0 ಚಿಪ್ ತೆಗೆದುಕೊಂಡಿದ್ದೆವು. ಚಿಪ್ ಮಾರುವವರ ಪ್ರತಿನಿಧಿಯೇ ಆ ಕರ್ನಲ್ ತಂದುಕೊಟ್ಟರು. ಕಾಗದದ ಮೇಲೆ ಅದರ ಗಾತ್ರ ಚಿಕ್ಕದು, ಒಂದು ಟಾಸ್ಕ್‌ನಿಂದ, ಅಂದರೆ ಪ್ರೋಗ್ರಾಮಿನ ಒಂದು ಕೆಲಸದಿಂದ, ಇನ್ನೊಂದಕ್ಕೆ ಹೊರಳುವ ವೇಗ ಹೆಚ್ಚು, ಸೌಲಭ್ಯಗಳ ಪಟ್ಟಿಯಲ್ಲಿ ಮ್ಯೂಟೆಕ್ಸ್ (ಹಂಚಿಕೊಂಡದ್ದನ್ನು ಒಮ್ಮೆಗೆ ಒಂದೇ ಟಾಸ್ಕ್ ಬಳಸುವಂತೆ ಮಾಡುವ ಬೀಗ) ಕೂಡ ಇತ್ತು. ಆ ಮ್ಯೂಟೆಕ್ಸ್ ಒಳಗೆ ಏನು ಮಾಡುತ್ತದೆಂದು ನಾವು ಯಾರೂ ಕೇಳಲಿಲ್ಲ.

ಪ್ರಯೋಗಾರ್ಥವಾಗಿ 40 ಸಾಧನಗಳನ್ನು ಹಳ್ಳಿಗಳಲ್ಲಿ ಕೂರಿಸಿದೆವು. ಮೂರು ತಿಂಗಳು ದೂರಿರಲಿಲ್ಲ. ನಂತರ ಒಂದು ಬೆಳಿಗ್ಗೆ ಆ ರೈತರು ಫೋನ್ ಮಾಡಿ, "ನಿಮ್ಮ ಬಾಕ್ಸ್ ಹಾಕಿದ್ದರೂ ಮೋಟ್ರು ಸುಟ್ಟೋಗಿದೆಯಲ್ಲ ಸಾರ್" ಎಂದರು. ನಾನು ಹೋಗುವಷ್ಟರಲ್ಲಿ ಲಾರಿ ತರಿಸಿ ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ಮೋಟಾರನ್ನು ಮೇಲೆತ್ತಿದ್ದರು. ಅಂಗಡಿಯಲ್ಲಿ ಬಿಚ್ಚಿದಾಗ ವೈಂಡಿಂಗ್ ಕಪ್ಪಾಗಿ ತಂತಿಯ ಹೊದಿಕೆ ಕರಗಿ ಅಂಟಿಕೊಂಡಿತ್ತು. ನಮ್ಮ ಸಾಧನದ ದಾಖಲೆಯಲ್ಲಿ ಟ್ರಿಪ್ ಆದದ್ದು ನಮೂದಾಗಿತ್ತು, ಆದರೆ ಫೇಸ್ ಹೋದ 58 ಸೆಕೆಂಡುಗಳ ನಂತರ.

ಕಾರಣ ಹುಡುಕಲು ನಮಗೆ ಐದು ವಾರ ಹಿಡಿಯಿತು. ಟ್ರಿಪ್ ನಿರ್ಧರಿಸುವ ಟಾಸ್ಕ್‌ಗೆ ಅತಿ ಹೆಚ್ಚು ಆದ್ಯತೆ ಕೊಟ್ಟಿದ್ದೆವು, ಜಿಎಸ್‌ಎಂ ಮೋಡೆಮ್ ನೋಡಿಕೊಳ್ಳುವ ಟಾಸ್ಕ್‌ಗೆ ಮಧ್ಯಮ, ಕರೆಂಟ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಮೆಮೊರಿಯಾದ ಇಇಪ್ರಾಂಗೆ ದಾಖಲೆ ಬರೆಯುವ ಟಾಸ್ಕ್‌ಗೆ ಎಲ್ಲಕ್ಕಿಂತ ಕಡಿಮೆ. ಕರೆಂಟಿನ ಮಿತಿಯೂ ಅದೇ ಇಇಪ್ರಾಂನಲ್ಲಿ ಇದ್ದುದರಿಂದ ಅದಕ್ಕೊಂದು ಮ್ಯೂಟೆಕ್ಸ್ ಬೀಗ ಹಾಕಿದ್ದೆವು. ಆ ರಾತ್ರಿ ಕರೆಂಟ್ ಬಂದು ಆಟೋ ಸ್ಟಾರ್ಟರ್ ಮೋಟಾರನ್ನು ಚಾಲೂ ಮಾಡುತ್ತಿದ್ದಂತೆ ದಾಖಲೆಯ ಟಾಸ್ಕ್ ಬೀಗ ಹಿಡಿದು ಸಮಯ ಬರೆಯತೊಡಗಿದೆ. ಅದೇ ಕ್ಷಣದಲ್ಲಿ ಒಂದು ಫೇಸ್ ಹೋಗಿ, ವೋಲ್ಟೇಜ್ ಕುಸಿದು, ಸಂಕೇತ ಕಳಿಸುವಾಗ 2 ಆಂಪಿಯರ್‌ವರೆಗೆ ಎಳೆಯುವ ಮೋಡೆಮ್ ರೀಸೆಟ್ ಆಗಿದೆ. ಮೋಡೆಮ್ ಟಾಸ್ಕ್ ಎದ್ದು, ಬರವಣಿಗೆಯನ್ನು ಅರ್ಧದಲ್ಲೇ ನಿಲ್ಲಿಸಿ, ಮೋಡೆಮ್‌ಗೆ ಕೊಟ್ಟ ಎಟಿ ಆದೇಶಕ್ಕೆ ಉತ್ತರ ಬರುವ ತನಕ ಲೂಪಿನಲ್ಲೇ ಸುತ್ತುತ್ತಾ ಪ್ರೊಸೆಸರನ್ನು ಯಾರಿಗೂ ಬಿಡದೆ ಕುಳಿತಿದೆ. ಟ್ರಿಪ್ ಟಾಸ್ಕ್ ಬೀಗಕ್ಕಾಗಿ ಕಾಯುತ್ತಿದೆ, ಬೀಗ ಹಿಡಿದವನಿಗೆ ಓಡಲು ಅವಕಾಶವಿಲ್ಲ. ಕೆಳಗೆ ಬಾವಿಯಲ್ಲಿ ಮೋಟಾರ್ ತಿರುಗಲಾಗದೆ ನಿಂತಲ್ಲೇ ನಿಂತು ಹಲವು ಪಟ್ಟು ಕರೆಂಟ್ ಎಳೆಯುತ್ತಿತ್ತು. ನಮ್ಮ ಕಚೇರಿಯಲ್ಲಿನ ವಿದ್ಯುತ್ ಸರಬರಾಜು ಸ್ಥಿರವಾಗಿದ್ದುದರಿಂದ ಮೋಡೆಮ್ ಅಲ್ಲಿ ಒಮ್ಮೆಯೂ ರೀಸೆಟ್ ಆಗಿರಲಿಲ್ಲ.

ಆದ್ಯತೆ ತಲೆಕೆಳಗಾಗುವ ಈ ತೊಂದರೆ ಹೊಸದೇನಲ್ಲ. 1997ರ ಜುಲೈ 4ರಂದು ಮಂಗಳನ ಮೇಲಿಳಿದ ನಾಸಾದ ಪಾತ್‌ಫೈಂಡರ್ ಇದೇ ಕಾರಣಕ್ಕೆ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು: ಹವಾಮಾನ ಮಾಹಿತಿಯ ಕಡಿಮೆ ಆದ್ಯತೆಯ ಟಾಸ್ಕ್ ಬೀಗ ಹಿಡಿದಿದ್ದಾಗ ಸಂಪರ್ಕದ ಮಧ್ಯಮ ಟಾಸ್ಕ್ ಓಡುತ್ತಿತ್ತು, ಡೇಟಾ ಬಸ್ ನೋಡಿಕೊಳ್ಳುವ ಮೇಲಿನ ಟಾಸ್ಕ್ ಕಾಯುತ್ತಿತ್ತು. ಬೀಗ ಹಿಡಿದವನಿಗೆ, ಕಾಯುತ್ತಿರುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ವ್ಯವಸ್ಥೆ ಪಾತ್‌ಫೈಂಡರ್‌ನ ಆರ್‌ಟಿಓಎಸ್ ಆದ ವಿಎಕ್ಸ್‌ವರ್ಕ್ಸ್‌ನಲ್ಲಿ ಆಗಲೇ ಇತ್ತು, ಆ ಬೀಗಕ್ಕೆ ಅದನ್ನು ಚಾಲೂ ಮಾಡಿರಲಿಲ್ಲ. ಭೂಮಿಯಲ್ಲಿದ್ದ ಪ್ರತಿರೂಪದಲ್ಲಿ ಯಾವ ಟಾಸ್ಕ್ ಯಾವಾಗ ಓಡಿತೆಂಬ ಜಾಡು ಹಿಡಿದು ಎಂಜಿನಿಯರುಗಳು ಕಾರಣ ಕಂಡುಕೊಂಡರು, ಇಲ್ಲಿಂದಲೇ ಅದನ್ನು ಚಾಲೂ ಮಾಡಿದರು. ಮಂಗಳನಲ್ಲಿದ್ದ ಯಂತ್ರದ ಮೇಲೆ ಅವರಿಗಿದ್ದ ಹಿಡಿತ, ನನ್ನ ಮೇಜಿನ ಮೇಲಿದ್ದ ಸಾಧನದ ಮೇಲೆ ನನಗಿರಲಿಲ್ಲ. ಕರ್ನಲ್ ಕೊಟ್ಟವರಿಗೆ ಬರೆದ ಎರಡು ಪತ್ರಗಳಿಗೆ ಉತ್ತರ ಬಾರದೆ ಮೂರನೆಯದಕ್ಕೆ ಬಂದ ಒಂದು ಸಾಲು, ಆ ಆವೃತ್ತಿಗೆ ಬೆಂಬಲ ನಿಂತಿದೆ ಎಂದಿತು. ಕೊನೆಗೆ ಲೈಬ್ರರಿಯನ್ನು ಅಸೆಂಬ್ಲಿಗೆ ಬಿಡಿಸಿ ನೋಡಿದಾಗ, ಮ್ಯೂಟೆಕ್ಸ್ ಎಂದು ಹೆಸರಿಟ್ಟಿದ್ದು ಹಾಗೆ ಆದ್ಯತೆ ವರ್ಗಾಯಿಸದ ಸಾದಾ ಬೈನರಿ ಸೆಮಾಫೋರ್ ಎಂಬುದು ತಿಳಿಯಿತು.

ನಮ್ಮ ತಪ್ಪುಗಳನ್ನೂ ಹೇಳಲೇಬೇಕು. ಮೋಡೆಮ್ ಟಾಸ್ಕ್ ಲೂಪಿನಲ್ಲಿ ಸುತ್ತಬಾರದಿತ್ತು. ಆಗಾಗ ತಣಿಸದಿದ್ದರೆ ಚಿಪ್ಪನ್ನು ರೀಸೆಟ್ ಮಾಡುವ ಕಾವಲುಗಾರ ವಾಚ್‌ಡಾಗ್ ಅನ್ನು, ನಿಗದಿತ ಸಮಯಕ್ಕೊಮ್ಮೆ ಟಾಸ್ಕ್‌ಗಳನ್ನು ತಡೆದು ಓಡುವ ಟೈಮರ್ ಇಂಟರಪ್ಟ್‌ನಿಂದ ತಣಿಸುತ್ತಿದ್ದೆವು. ಟಾಸ್ಕ್‌ಗಳು ನಿಂತುಹೋದರೂ ಟೈಮರ್ ಓಡುತ್ತಲೇ ಇರುವುದರಿಂದ ಆ ರಾತ್ರಿ ಅದು ಕೆಲಸಕ್ಕೇ ಬರಲಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಮೋಟಾರ್ ಉಳಿಸುವ ನಿರ್ಧಾರವನ್ನೇ ಒಂದು ಬೀಗದ ಹಿಂದೆ ಇಟ್ಟದ್ದು. ಈಗ ಮಿತಿಗಳನ್ನು ಆರಂಭದಲ್ಲೇ ರ್‍ಯಾಮ್‌ಗೆ ನಕಲು ಮಾಡಿಕೊಳ್ಳುತ್ತೇವೆ, ಟ್ರಿಪ್ ನಿರ್ಧಾರ ಟೈಮರ್ ಇಂಟರಪ್ಟ್ ಒಳಗೇ ಆಗುತ್ತದೆ, ಅದಕ್ಕೆ ಕರ್ನಲ್‌ನ ಹಂಗಿಲ್ಲ. ಉಳಿದ ಕೆಲಸಗಳಿಗೆ ಸೋರ್ಸ್ ಕೋಡ್ ಸಮೇತ ಸಿಗುವ ಫ್ರೀಆರ್‌ಟಿಓಎಸ್ ಬಳಸುತ್ತಿದ್ದೇವೆ. ಅದರಲ್ಲಿ ಮ್ಯೂಟೆಕ್ಸ್‌ಗೆ ಆದ್ಯತೆ ವರ್ಗಾವಣೆ ಇದೆ, ಬೈನರಿ ಸೆಮಾಫೋರ್‌ಗೆ ಇಲ್ಲ ಎಂಬುದನ್ನು ಕೋಡಿನಲ್ಲೇ ಓದಿಕೊಳ್ಳಬಹುದು. 8 ಕೆಬಿಯಲ್ಲಿ ಪ್ರತಿ ಟಾಸ್ಕ್‌ಗೂ ಪ್ರತ್ಯೇಕ ಸ್ಟ್ಯಾಕ್ (ಅದರ ತಾತ್ಕಾಲಿಕ ಮಾಹಿತಿಗೆ ಮೀಸಲಾದ ಮೆಮೊರಿ) ಕೊಡುವುದು ಬಿಗಿಯೇ. ಅಲ್ಲಿ ಸ್ಟ್ಯಾಕ್ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುವುದಿಲ್ಲ, ವರ್ಡ್‌ಗಳಲ್ಲಿ ಹೇಳುತ್ತಾರೆ, 128 ಎಂದರೆ ನಮ್ಮ ಚಿಪ್‌ನಲ್ಲಿ 512 ಬೈಟ್. ಇಎಸ್‌ಪಿ32 ಎಂಬ ಚಿಪ್‌ನ ಆವೃತ್ತಿಯಲ್ಲಿ ಮಾತ್ರ ಅದು ಬೈಟ್‌ಗಳಲ್ಲೇ ಇದೆ, ಕೋಡ್ ಅಲ್ಲಿಂದ ಇಲ್ಲಿಗೆ ತರುವವರು ಗಮನಿಸಬೇಕು.

ಕರ್ನಲ್‌ಗಳ ಒಡೆತನವೂ ಬದಲಾಗುತ್ತಿರುತ್ತದೆ. ಫ್ರೀಆರ್‌ಟಿಓಎಸ್ 2017ರಲ್ಲಿ ಅಮೆಜಾನ್ ಉಸ್ತುವಾರಿಗೆ ಹೋಯಿತು. ಥ್ರೆಡ್‌ಎಕ್ಸ್ 2019ರಲ್ಲಿ ಮೈಕ್ರೋಸಾಫ್ಟ್ ಕೈಸೇರಿ, 2023ರ ಕೊನೆಯಲ್ಲಿ ಎಕ್ಲಿಪ್ಸ್ ಫೌಂಡೇಶನ್‌ಗೆ ಹೋಗುವುದೆಂದು ಪ್ರಕಟವಾಯಿತು. ಎಂಬೆಡ್ ಓಎಸ್‌ಗೆ ಬೆಂಬಲ 2026ರ ಜುಲೈಯಲ್ಲಿ ಮುಗಿಯುತ್ತದೆಂದು ಆರ್ಮ್ 2024ರಲ್ಲಿ ತಿಳಿಸಿತು. ಆದರೆ ಈ ಮೂರರ ಸೋರ್ಸ್ ಕೋಡ್ ಕೂಡ ಬಳಸುವವರ ಕೈಯಲ್ಲೇ ಉಳಿಯುತ್ತದೆ. ರೈತರ ಗೋಡೆಯ ಮೇಲೆ ಹತ್ತು ವರ್ಷ ಇರಬೇಕಾದ ಸಾಧನಕ್ಕೆ ಇದು ಸಣ್ಣ ವಿಷಯವಲ್ಲ.

ಮೋಟಾರಿನ ಖರ್ಚನ್ನು ನಾವು ಭರಿಸಿದೆವು, ಉಳಿದ 39 ಸಾಧನಗಳನ್ನು ವಾಪಸ್ ತಂದು ಬದಲಾಯಿಸಿಕೊಟ್ಟೆವು. ನೀರು ಬಿಡಲಾಗದೆ ಆ ರೈತರ ಟೊಮೆಟೊ ಒಣಗಿದ್ದಕ್ಕೆ ನಾವು ಏನನ್ನೂ ಕೊಡಲಾಗಲಿಲ್ಲ.

ನೀವು ಲೈಬ್ರರಿಯಾಗಿ ಬಂದ ಕರ್ನಲ್ ಬಳಸುತ್ತಿದ್ದರೆ ಇವತ್ತೇ ಅರ್ಧ ದಿನ ತೆಗೆದಿಟ್ಟು ಬೇರೆ ಬೇರೆ ಆದ್ಯತೆಯ ಮೂರು ಟಾಸ್ಕ್ ಬರೆಯಿರಿ. ಕೆಳಗಿನದು ಮ್ಯೂಟೆಕ್ಸ್ ಹಿಡಿದು 10 ಮಿಲಿಸೆಕೆಂಡಿನಷ್ಟು ಲೆಕ್ಕ ಮಾಡಿ ಬಿಡಲಿ. ಅದು ಹಿಡಿದ ಕೂಡಲೇ ಮೇಲಿನದು ಎದ್ದು ಅದೇ ಮ್ಯೂಟೆಕ್ಸ್ ಕೇಳಲಿ. ಆಮೇಲೆ ಮಧ್ಯದ್ದು ಎದ್ದು ಐದು ಸೆಕೆಂಡು ಸುಮ್ಮನೆ ಸುತ್ತಲಿ. ಮ್ಯೂಟೆಕ್ಸ್ ಸಿಕ್ಕೊಡನೆ ಮೇಲಿನ ಟಾಸ್ಕ್ ಒಂದು ಪಿನ್ ಎತ್ತುವಂತೆ ಮಾಡಿ, ಆಸಿಲೋಸ್ಕೋಪ್‌ನಲ್ಲಿ ಆ ಪಿನ್ ನೋಡಿ. ಅದು ಐದು ಸೆಕೆಂಡು ತಡವಾಗಿ ಎದ್ದರೆ, ನಿಮ್ಮ ಬಳಿ ಇರುವುದು ನಮಗೆ ಸಿಕ್ಕಂಥದೇ ಮ್ಯೂಟೆಕ್ಸ್.